ಮೂರನೆಯ ಸಲದ ‘ಹೂಂ’

ಕಾಶಾನ್
೮ ಅರ್ದಿಬೆಹೆಶ್ತ್, ೧೩೯೨ (ಸೌರ ಹಿಜರಿ)

ಪ್ರಿಯ ಫರಂಗೀಸ್,

ಟೆಲಿಫೋನ್ ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣ ನಿನಗೆ ಗೊತ್ತೇ ಇದೆ. ಟೆಲಿಫೋನಿನಲ್ಲಿ ಯಾರ ವಾಕ್ಯವೂ ಕ್ರಿಯಾಪದದವರೆಗೆ ತಲುಪುವುದಿಲ್ಲ. ಗಣಕಯಂತ್ರದಲ್ಲಿ ಬೆರಳಚ್ಚು ಮಾಡದೆ ಕೈಯಲ್ಲಿ ಬರೆಯುತ್ತಿರುವುದಕ್ಕೆ ಕಾರಣವನ್ನು ಈಗ ಹೇಳುತ್ತೇನೆ: ನನ್ನ ಯಂತ್ರ ಮಾನ ಕಳೆದುಕೊಂಡಿದೆ. (ನೀನು ‘ಕಂಪ್ಯೂಟರ್’ ಎಂದು ಬರೆಯುವುದನ್ನು ಬಿಡುವವರೆಗೂ ನಾನು ಗಣಕಯಂತ್ರ ಎಂದೇ ಬರೆಯುವೆ.)

ನಡೆದದ್ದನ್ನು ಕ್ರಮವಾಗಿ ಕೇಳು. ಖಮ್ಸರಿನ ಪನ್ನೀರು ಭಟ್ಟಿಗಳಲ್ಲಿ ಹೆಂಗಸರು ಆಡುವ ಹಳೆಯ ಮಾತುಗಳನ್ನು ನಾನು ಕಲೆಹಾಕುತ್ತಿರುವುದು ನಿನಗೆ ತಿಳಿದಿದೆ. ಆ ಕೆಲಸಕ್ಕೊಂದು ನಿಘಂಟು ಬೇಕೆನಿಸಿತು. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವುದೊಂದಿತ್ತು. ಅದನ್ನು ಇಳಿಸಿಕೊಳ್ಳುತ್ತಿರುವಾಗ ಚಿಕ್ಕ ಕಿಟಕಿಯೊಂದು ತೆರೆದು, ಜೊತೆಗೆ ತಮ್ಮ ಹುಡುಕುಪಟ್ಟಿಯನ್ನೂ ಸ್ವೀಕರಿಸುವಿರಾ ಎಂದು ವಿನಯದಿಂದ ಕೇಳಿತು. ಬೇಡವೆಂದೆ. ಇನ್ನೊಮ್ಮೆ ಯೋಚಿಸಿ, ನಿಮಗೇ ಅನುಕೂಲ ಎಂದಿತು. ಬೇಡವೆಂದೆ. ಮೂರನೆಯ ಸಲವೂ ಬಂದು, ದಯವಿಟ್ಟು ಎಂದಿತು. ಮೂರನೆಯ ಸಲವೂ ಬೇಡವೆನ್ನುವ ಹಾಗೆ ನನ್ನ ತಾಯಿ ನನ್ನನ್ನು ಬೆಳೆಸಲಿಲ್ಲ. ತಟ್ಟೆ ಮುಂದೆ ಹಿಡಿದಾಗ ಎರಡು ಸಲ ಬೇಡವೆಂದು, ಮೂರನೆಯ ಸಲಕ್ಕೆ ಒಂದು ಚೂರು ಎತ್ತಿಕೊಳ್ಳುವುದು ಮನೆತನಸ್ಥರ ರೀತಿ. ಎತ್ತಿಕೊಂಡೆ.

ಅಂದಿನಿಂದ ಯಂತ್ರ ನನ್ನದಾಗಿ ಉಳಿದಿಲ್ಲ. ಏನನ್ನು ತೆರೆದರೂ ಮೊದಲು ಅವರ ಪುಟ. ನಾನು ‘ಭಟ್ಟಿ’ ಎಂಬ ಪದವನ್ನು ಹುಡುಕಿದರೆ ಬೋಳುತಲೆಗೆ ಎಣ್ಣೆ, ಸೊಂಟ ಕರಗಿಸುವ ಚಹ, ನಾನು ಎಂದೂ ಭಾಗವಹಿಸದ ಸ್ಪರ್ಧೆಯ ಬಹುಮಾನ ಎಲ್ಲವೂ ಸಾಲಾಗಿ ಬರುತ್ತವೆ. ಆ ಜಾಹೀರಾತುಗಳ ಭಾಷೆಯ ಬಗ್ಗೆ ನಾನು ಬರೆಯಲಾರೆ. ನನ್ನ ಮೂರನೆಯ ತರಗತಿಯ ಅತಿ ದಡ್ಡ ಹುಡುಗಿಯೂ ಅದಕ್ಕಿಂತ ಶುದ್ಧವಾಗಿ ಬರೆಯುತ್ತಿದ್ದಳು.

ಇಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಕಳೆದ ಗುರುವಾರ ಹೆಂಗಸರ ಸರದಿಯ ಕೂಟ ನಮ್ಮ ಮನೆಯಲ್ಲಿತ್ತು. ಖಮ್ಸರಿನ ಗುಲಾಬಿ ತೋಟದ ಚಿತ್ರಗಳನ್ನು ತೆರೆಯ ಮೇಲೆ ತೋರಿಸುತ್ತಿದ್ದೆ. ಎಲ್ಲರೂ ಮೆಚ್ಚಿ ನೋಡುತ್ತಿರುವಾಗ ತೋಟದ ನಟ್ಟನಡುವೆ ಅರೆಬಟ್ಟೆಯ ಹುಡುಗಿಯೊಬ್ಬಳು ಕುಣಿಯುತ್ತ ಬಂದಳು. ಯಾವ ಗುಂಡಿ ಒತ್ತಿದರೂ ಹೋಗಲಿಲ್ಲ. ನಾನು ಮೇಜಿನ ಬಟ್ಟೆಯನ್ನು ಎಳೆದು ತೆರೆಯ ಮೇಲೆ ಹೊದಿಸಬೇಕಾಯಿತು. ಎದುರುಮನೆಯ ಅಶ್ರಫ್ ಚಹದ ಲೋಟವನ್ನು ಕೆಳಗಿಟ್ಟು ಹೇಳಿದಳು: “ತೋಟ ತುಂಬ ಚೆನ್ನಾಗಿದೆ ತೂರಾನ್ ಖಾನುಮ್. ಹೂ ಬಿಡಿಸೋ ಹುಡುಗಿಗೆ ಮಾತ್ರ ಬಟ್ಟೆ ಸ್ವಲ್ಪ ಸಾಲ್ದೆ ಬಂತೇನೋ.”

ಅರ್ಧ ಕಾಶಾನಿಗೆ ಅಕ್ಷರ ಕಲಿಸಿದವಳು ನಾನು. ಎಲ್ಲರೂ ನಕ್ಕರು.

ಅಂಗಡಿಯವನು ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿಸಿ ಕೊಡುತ್ತೇನೆಂದ. ನನ್ನ ಪದಗಳ ಮೇಲೆ ಅವನ ಕೈ ಬೀಳುವುದು ಬೇಡ. ನಿನ್ನ ನೌರೂಜ್ ಹೊಸವರ್ಷದ ಕಾಗದದಲ್ಲಿ, ಎದುರಿನ ನೀಲಿ ಬಾಗಿಲಿನ ಮನೆಯ ಒಬ್ಬ ನಿವೃತ್ತ ಹಡಗಿನ ವಯರ್‌ಲೆಸ್ ಅಧಿಕಾರಿ ನಿನ್ನ ಯಂತ್ರವನ್ನು ಸರಿಮಾಡಿದರೆಂದು ಬರೆದಿದ್ದೆ. ಹೊರ್ಮೊಜ್ ಆಗಾ ಎಂಬ ಆ ಹೆಸರನ್ನು ಒಂದೇ ಪುಟದಲ್ಲಿ ಅಷ್ಟು ಸಲ ಬರೆದಿದ್ದರಿಂದ ನಾನು ಮರೆತಿಲ್ಲ. ಅವರನ್ನು ಕೇಳಿ ತಿಳಿಸು.

ನಿನ್ನ,
ತೂರಾನ್


ಬೂಶೆಹರ್
೧೭ ಅರ್ದಿಬೆಹೆಶ್ತ್

ತೂರಾನ್ ಜಾನ್,

ನಿನ್ನ ಕಾಗದ ಓದಿ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡೆ. ಮದುವೆಯ ಮನೆಯಲ್ಲಿ ನಡೆಯುವುದು ನೆನಪಿದೆಯಲ್ಲ? ಒಪ್ಪಿಗೆಯೇ ಎಂದು ಮುಲ್ಲಾ ಮೊದಲ ಸಲ ಕೇಳಿದಾಗ, ವಧು ಹೂ ಕೊಯ್ಯಲು ಹೋಗಿದ್ದಾಳೆ ಎಂದು ಸುತ್ತ ನಿಂತ ಹೆಂಗಸರು ಕೂಗುತ್ತಾರೆ. ಎರಡನೆಯ ಸಲ ಕೇಳಿದರೆ, ವಧು ಪನ್ನೀರು ತರಲು ಹೋಗಿದ್ದಾಳೆ. ಮೂರನೆಯ ಸಲಕ್ಕೆ ತಾನೇ ಬಾಯಿಬಿಟ್ಟು, ಹಿರಿಯರ ಅಪ್ಪಣೆಯಿಂದ ಹೂಂ. ಜೀವಮಾನವಿಡೀ ಯಾವ ಗಂಡಿಗೂ ಹೂಂ ಎನ್ನದ ನೀನು ಈ ವಯಸ್ಸಿನಲ್ಲಿ ಒಂದು ಕಂಪ್ಯೂಟರ್ ಕಿಟಕಿಗೆ ಮೂರನೆಯ ಸಲಕ್ಕೆ ಹೂಂ ಎಂದೆಯಲ್ಲೇ! ವರ ಬಂಧುಬಳಗ ಸಮೇತ ಮನೆ ತುಂಬಿಕೊಂಡಿದ್ದಾನೆ. ಅನುಭವಿಸು.

ಹೊರ್ಮೊಜ್ ಆಗಾ ಸಂಜೆ ನಮ್ಮ ಫ್ಯಾನಿಗೆ ಎಣ್ಣೆ ಹಾಕಲು ಬಂದಿದ್ದರು. ಕಾಗದ ಓದಿ ಹೇಳಿದೆ. ಅವರೂ ನಕ್ಕರು, ಆಮೇಲೆ ಗಂಭೀರವಾಗಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತಿದ್ದೇನೆ.

ಮೊದಲು ಇಂಟರ್ನೆಟ್ಟಿನ ತಂತಿ ಕಿತ್ತುಬಿಡಬೇಕು. ಕಳ್ಳ ಒಳಗಿರುವಾಗ ಹಿಂಬಾಗಿಲು ತೆರೆದಿರಬಾರದು. ಆಮೇಲೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ, ಯಂತ್ರದೊಳಗಿನ ಪ್ರೋಗ್ರಾಮುಗಳ ಪಟ್ಟಿ ತೆರೆದು, ಬಂದ ತಾರೀಖಿನ ಪ್ರಕಾರ ಜೋಡಿಸಬೇಕು. ನಿನ್ನ ನಿಘಂಟು ಬಂದ ದಿನವೇ ಯಾರು ಯಾರು ಬಂದಿದ್ದಾರೋ ಅವರೆಲ್ಲ ಅದರ ನೆಂಟರು. ಒಬ್ಬೊಬ್ಬರನ್ನಾಗಿ ತೆಗೆ. ಹೋಗುವಾಗ ಪ್ರತಿಯೊಬ್ಬರೂ ಗೋಳಾಡುತ್ತಾರೆ, ನಿಜವಾಗಿಯೂ ಕಳಿಸುತ್ತೀರಾ ಎಂದು ಕೇಳುತ್ತಾರೆ. ಅಲ್ಲಿ ದೊಡ್ಡದಾಗಿ ಹೊಳೆಯುವ ಗುಂಡಿ ‘ಇರಲಿ’ ಎಂಬುದು. ಮಂಕಾಗಿ ಮೂಲೆಯಲ್ಲಿರುವುದು ‘ತೆಗೆ’. ಮಂಕಾದದ್ದನ್ನು ಒತ್ತು. ಅದಾದ ಮೇಲೆ ಬ್ರೌಸರಿನೊಳಗೆ ಅಂಟಿಕೊಂಡಿರುವ ಪಟ್ಟಿಗಳನ್ನು ತೆಗೆ, ಮೊದಲ ಪುಟವನ್ನು ನಿನಗೆ ಬೇಕಾದ್ದಕ್ಕೆ ಬದಲಿಸು, ಯಂತ್ರ ಆರಿಸಿ ಮತ್ತೆ ಹಚ್ಚು.

ನಿನ್ನನ್ನು ನಗಿಸಲು ಇನ್ನೊಂದು ವಿಷಯ. ಹೊರಡುವಾಗ ಹೊರ್ಮೊಜ್ ಆಗಾ ಹೊಸಿಲಲ್ಲಿ ನಿಂತು, ಬಿಳಿ ಕೋಟಿನ ಗುಂಡಿ ಹಾಕಿಕೊಳ್ಳುತ್ತ, “ಫರಂಗೀಸ್ ಖಾನುಮ್, ಒಂದೇ ಬೀದೀಲಿ ಚಹಕ್ಕೆ ಎರಡು ಸಮೋವಾರ್ ಯಾಕೆ ಕುದೀಬೇಕು ಅಂತೀರಿ?” ಎಂದರು. ಈ ವಯಸ್ಸಿನಲ್ಲಿ ಹೀಗೂ ಕೇಳುವವರಿದ್ದಾರೆ ನೋಡು! ನಾನು, “ಅಯ್ಯೋ, ನನ್ನ ಸಮೋವಾರ್ ನನಗೆ ಸಾಕು” ಎಂದೆ. ಅವರು ತಲೆಬಾಗಿ ಹೋದರು. ಆ ಕೋಟನ್ನು ಅವರೇ ಇಸ್ತ್ರಿ ಮಾಡುತ್ತಾರೆ, ಒಂದು ನೆರಿಗೆ ಇರುವುದಿಲ್ಲ.

ಫ್ಯಾನು ಈಗ ಸದ್ದೇ ಮಾಡುವುದಿಲ್ಲ. ಶರತ್ಕಾಲ ಬರಲಿ, ಮೆಹರ್ ತಿಂಗಳಲ್ಲಿ ಎಂದಿನಂತೆ ನಿನ್ನಲ್ಲಿಗೆ ಬರುತ್ತೇನೆ.

ನಿನ್ನ ಫರಂಗೀಸ್


ಕಾಶಾನ್
೨೭ ಅರ್ದಿಬೆಹೆಶ್ತ್

ಪ್ರಿಯ ಫರಂಗೀಸ್,

ಹೊರ್ಮೊಜ್ ಆಗಾ ಅವರಿಗೆ ನನ್ನ ಕೃತಜ್ಞತೆ ತಿಳಿಸು. ಅವರ ಸೂಚನೆಗಳಲ್ಲಿ ಒಂದು ಮಾತೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅಂಥವರ ಕೈಯಲ್ಲಿ ನಮ್ಮ ಪಠ್ಯಪುಸ್ತಕಗಳನ್ನು ಬರೆಸಬೇಕಿತ್ತು. ತಾರೀಖಿನ ಪ್ರಕಾರ ಜೋಡಿಸಿದಾಗ ನೆಂಟರೆಲ್ಲ ಒಂದೇ ಸಾಲಿನಲ್ಲಿ ಸಿಕ್ಕಿಬಿದ್ದರು. ರಿಯಾಯಿತಿ ಚೀಟಿ ಮಾರುವವನೊಬ್ಬ, ಹವಾಮಾನ ಹೇಳುವವನೊಬ್ಬ, ಯಂತ್ರವನ್ನು ಚುರುಕುಗೊಳಿಸುತ್ತೇನೆಂದು ಬಂದು ನಿಧಾನ ಮಾಡಿದವನೊಬ್ಬ. ಎಲ್ಲರನ್ನೂ ಮಂಕು ಗುಂಡಿಯಿಂದಲೇ ಸಾಗಹಾಕಿದೆ. ಕುಣಿಯುವ ಹುಡುಗಿಯೂ ಹೋದಳು.

ಆದರೆ ಒಂದು ಉಳಿದಿದೆ. ಬೆಳಿಗ್ಗೆ ಬ್ರೌಸರ್ ತೆರೆದ ಕೂಡಲೇ ಆ ಹಳೆಯ ಪುಟ ಬಂದು, ನಮ್ಮನ್ನೇ ನಿಮ್ಮ ಮೊದಲ ಪುಟ ಮಾಡಿಕೊಳ್ಳುವಿರಾ ಎಂದು ಕೇಳುತ್ತದೆ. ಮೊದಲ ಪುಟವನ್ನು ಬದಲಿಸಿಯಾಗಿದೆ, ಆದರೂ ಬರುತ್ತದೆ. ಬೇಡವೆಂದರೆ ಹೋಗಿ, ಮರುದಿನ ಮತ್ತೆ ಬಂದು ನಿಲ್ಲುತ್ತದೆ. ಇದಕ್ಕೆ ಮದ್ದೇನೆಂದು ಅವರನ್ನು ಕೇಳು. ಕೆಳಗಿನ ಸಾಲುಗಳನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳು, ನನ್ನ ನಿಲುವು ಅವರಿಗೆ ತಿಳಿಯಲಿ:

ಮೂರು ಸಲ ಕೇಳುವುದು ಸಭ್ಯತೆ ಎಂಬ ನನ್ನ ನಂಬಿಕೆಯನ್ನು ನಾನು ತಿದ್ದಿಕೊಂಡಿದ್ದೇನೆ. ಒಮ್ಮೆ ಬೇಡವೆಂದವರ ಬಾಗಿಲಿಗೆ ಮರಳಿ ಬಂದು ನಿಲ್ಲುವುದು ನಿರ್ಲಜ್ಜತನ. ವಿನಯದ ಮಾತಿನಲ್ಲಿ ಕೇಳಿದರೂ ಅದು ನಿರ್ಲಜ್ಜತನವೇ. ಬೇಡವೆಂದರೆ ಬೇಡ. ಮತ್ತೆ ಕೇಳುವವನಿಗೆ ಉತ್ತರ ಕೊಡಬೇಕಾಗಿಲ್ಲ, ಬೇರುಸಹಿತ ಕಿತ್ತು ಹೊರಗೆ ಹಾಕಬೇಕು.

ಇನ್ನು ಸಮೋವಾರಿನ ವಿಷಯ. ನೀನು ಕೊಟ್ಟ ಉತ್ತರ ಸರಿಯಾಗಿದೆ, ಚಿಕ್ಕದಾಗಿಯೂ ಇದೆ. ನಾವಿಬ್ಬರೂ ನಮ್ಮ ನಮ್ಮ ಸಮೋವಾರಿನೊಂದಿಗೆ ಚೆನ್ನಾಗಿಯೇ ಇದ್ದೇವೆ. ಮೆಹರ್ ತಿಂಗಳಿಗೆ ನಿನ್ನ ರಜಾಯಿಯನ್ನು ಈಗಲೇ ಬಿಸಿಲಿಗೆ ಹಾಕಿದ್ದೇನೆ.

ನಿನ್ನ,
ತೂರಾನ್


ಬೂಶೆಹರ್
೯ ಖೊರ್ದಾದ್

ತೂರಾನ್,

ಉತ್ತರ ತಡವಾಯಿತು. ಇಲ್ಲಿ ಸೆಕೆ.

ಮೊದಲು ನಿನ್ನ ಕೆಲಸದ ಮಾತು. ತೆರೆಯ ಮೇಲೆ ಬ್ರೌಸರಿನದೊಂದು ಪುಟ್ಟ ಚಿತ್ರವಿದೆಯಲ್ಲ, ನೀನು ದಿನಾ ಒತ್ತುವುದು, ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ ಅದರ ಗುಣಲಕ್ಷಣದ ಪುಟ ತೆರೆ. ಯಾವ ಪ್ರೋಗ್ರಾಂ ಅನ್ನು ಕರೆಯಬೇಕೆಂಬ ವಿಳಾಸ ಅಲ್ಲಿ ಒಂದು ಸಾಲಿನಲ್ಲಿದೆ. ಉದ್ಧರಣ ಚಿಹ್ನೆ ಮುಗಿದ ಮೇಲೂ ಏನಾದರೂ ಬರೆದಿದ್ದರೆ ಅದು ಆ ಪುಟದ ಬಾಲ. ಮೊದಲ ಪುಟ ಯಾವುದಿದ್ದರೂ ಈ ಬಾಲ ಆ ಹಳೆಯ ಪುಟವನ್ನೇ ಎಳೆದು ತರುತ್ತದೆ. ಬಾಲವನ್ನಷ್ಟೇ ಅಳಿಸು. ಚಿಹ್ನೆಯೊಳಗಿನದನ್ನು ಮುಟ್ಟಬೇಡ. ಇದನ್ನು ಹೊರ್ಮೊಜ್ ಆಗಾ ಒಂದು ಚೀಟಿಯಲ್ಲಿ ಬರೆದುಕೊಟ್ಟು ಹೋದರು, ನಾನು ನೋಡಿ ಬರೆದಿದ್ದೇನೆ.

ನಿನ್ನ ಕಾಗದ ಬರುವ ಮುಂಚಿನ ದಿನ ಅವರು ಇನ್ನೊಮ್ಮೆ ಕೇಳಿದ್ದರು. ಸಮುದ್ರದ ದಂಡೆಯಲ್ಲಿ ಮೀನು ಕೊಂಡು ಬರುತ್ತಿದ್ದೆವು. ಇಬ್ಬರ ಚೀಲವನ್ನೂ ಅವರೇ ಹಿಡಿದಿದ್ದರು. ನಾನು, ಈ ಸೆಕೆಯಲ್ಲಿ ಇಂಥ ಮಾತೆಲ್ಲ ಯಾಕೆ ಎಂದೆ. ಏನೋ ಒಂದು ಹೇಳಬೇಕಲ್ಲ ಎಂದು ಹೇಳಿದ್ದು. ಆದರೂ ಅವರ ಮುಖದಲ್ಲಿ ನಗುವಿತ್ತು. ಮರುದಿನ ಚಹಕ್ಕೂ ಬಂದರು.

ಆಗಲೇ ನಿನ್ನ ಕಾಗದ ಬಂತು. ಗಟ್ಟಿಯಾಗಿ ಓದು ಎಂದು ನೀನು ಬರೆದಿದ್ದೆ. ಓದಿದೆ. ತರಗತಿಯಲ್ಲಿ ನೀನು ಓದುವ ಹಾಗೆಯೇ, ನಿಲ್ಲಿಸಿ ನಿಲ್ಲಿಸಿ. ಅದು ಎಲ್ಲಿಗೆ ಹೋಗುತ್ತಿದೆ ಎಂದು ನನಗೆ ಗೊತ್ತಾಗುವ ಹೊತ್ತಿಗೆ ಕೊನೆಯ ಸಾಲು ಬಂದಿತ್ತು. ಅವರು ಲೋಟವನ್ನು ತಟ್ಟೆಯ ಮೇಲೆ ಮೆಲ್ಲಗೆ ಇಟ್ಟರು. “ನಿಮ್ಮ ಗೆಳತಿ ಸರಿಯಾಗೇ ಬರ್ದಿದ್ದಾರೆ” ಎಂದರು. “ಎರಡು ಸಲ ಕೇಳಿಬಿಟ್ಟೆ. ತಪ್ಪಾಯ್ತು ಫರಂಗೀಸ್ ಖಾನುಮ್.” ಅದು ಯಂತ್ರದ ಮಾತು ಎಂದು ನಾನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಚೀಟಿ ಬರೆಯುತ್ತಿದ್ದರು. ಬರೆದು, ಕೋಟಿನ ಗುಂಡಿ ಹಾಕಿಕೊಂಡು ಹೋದರು.

ಮತ್ತೆ ಬಂದಿಲ್ಲ. ದಾರಿಯಲ್ಲಿ ಸಿಕ್ಕರೆ ಎದೆಯ ಮೇಲೆ ಕೈಯಿಟ್ಟು ನಮಸ್ಕರಿಸಿ ಪಕ್ಕಕ್ಕೆ ಸರಿಯುತ್ತಾರೆ. ಒಳ್ಳೆಯದೇ ಆಯಿತು. ಫ್ಯಾನು ಚೆನ್ನಾಗಿ ಓಡುತ್ತಿದೆ, ಕಂಪ್ಯೂಟರೂ ಸರಿಯಿದೆ, ನನಗೆ ಯಾರಿಂದ ಏನಾಗಬೇಕು? ಅವರ ಮನೆಯ ನೀಲಿ ಬಾಗಿಲು ಈಗ ಸಂಜೆಯೂ ಮುಚ್ಚಿಯೇ ಇರುತ್ತದೆ.

ಫರಂಗೀಸ್


ಕಾಶಾನ್
೨೦ ಖೊರ್ದಾದ್

ಬೂಶೆಹರ್ ನಗರ, ಫರಂಗೀಸ್ ಖಾನುಮರ ಮನೆಯ ಎದುರಿನ ನೀಲಿ ಬಾಗಿಲು
ಸನ್ಮಾನ್ಯ ಹೊರ್ಮೊಜ್ ಆಗಾ ಅವರ ಸನ್ನಿಧಿಗೆ

ಮಾನ್ಯರೇ,

ಪರಿಚಯವಿಲ್ಲದ ಹೆಂಗಸೊಬ್ಬಳು ನೇರವಾಗಿ ನಿಮಗೆ ಬರೆಯುತ್ತಿರುವುದನ್ನು ಕ್ಷಮಿಸಬೇಕು. ನೀವು ಹೇಳಿದಂತೆ ಉದ್ಧರಣ ಚಿಹ್ನೆಯ ಆಚೆಗಿದ್ದ ಬಾಲವನ್ನು ಅಳಿಸಿದೆ. ಆ ಪುಟ ಮತ್ತೆ ಬಂದಿಲ್ಲ. ನನ್ನ ಪದಗಳು ಒಂದೂ ಕಳೆದಿಲ್ಲ. ಅದಕ್ಕಾಗಿ ನಾನು ನಿಮಗೆ ಋಣಿ.

ಈಗ ಇನ್ನೊಂದು ವಿಷಯ. ನಿಮ್ಮೆದುರು ಓದಲಾದ ನನ್ನ ಸಾಲುಗಳನ್ನು ನಾನು ಮತ್ತೆ ಪರಿಶೀಲಿಸಿದ್ದೇನೆ. ಅವುಗಳಲ್ಲಿ ದೋಷವಿಲ್ಲ. ಆದರೆ ಅವು ಯಂತ್ರಕ್ಕಾಗಿ ಬರೆದವು, ಮನುಷ್ಯರಿಗೆ ಅನ್ವಯಿಸುವುದಿಲ್ಲ. ಯಂತ್ರ ಕೇಳುವಾಗ ಎದುರಿನವರ ಮುಖ ನೋಡುವುದಿಲ್ಲ. ನೀವು ನೋಡಿದ್ದೀರಿ, ಮತ್ತು ಸಮುದ್ರದ ದಂಡೆಯಲ್ಲಿ ನೀವು ಕಂಡದ್ದು ನಿಮಗೇ ಗೊತ್ತು, ನಗುತ್ತ ಮನೆಗೆ ಬಂದಿರಂತೆ.

ಫರಂಗೀಸಳ ಮನಸ್ಸಿನ ಮಾತನ್ನು ನಾನು ಹೇಳಬಾರದು, ಹೇಳುವುದೂ ಇಲ್ಲ. ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ಅಧ್ಯಾಪಕಿಯರ ತರಬೇತಿ ಶಾಲೆಯ ಒಂದೇ ಕೋಣೆಯಲ್ಲಿ ನಾವಿದ್ದ ದಿನದಿಂದ ಅವಳು ನಗದೆ ನನಗೊಂದು ಕಾಗದ ಬರೆದಿಲ್ಲ. ಗಂಡ ತೀರಿಹೋದ ವರ್ಷವೂ ಯಾವುದೋ ಮೂಲೆಯಲ್ಲಿ ಒಂದು ನಗೆಯಿತ್ತು. ಈಚಿನ ಕಾಗದದಲ್ಲಿ ಇಲ್ಲ. ಯಾರಿಂದಲೂ ತನಗೆ ಏನೂ ಆಗಬೇಕಾಗಿಲ್ಲ ಎಂದು ಬರೆದು, ಅದರ ಮುಂದಿನ ವಾಕ್ಯದಲ್ಲೇ ನಿಮ್ಮ ಬಾಗಿಲು ಮುಚ್ಚಿದೆ ಎಂದು ದೂರಿದ್ದಾಳೆ.

ನಿಮ್ಮ ಕರಾವಳಿಯ ಪದ್ಧತಿ ನನಗೆ ತಿಳಿಯದು. ನಮ್ಮಲ್ಲಿ ಮೊದಲ ಸಲ ಕೇಳಿದಾಗ ವಧು ಹೂ ಕೊಯ್ಯಲು ಹೋಗಿರುತ್ತಾಳೆ, ಎರಡನೆಯ ಸಲ ಪನ್ನೀರು ತರಲು. ನೀವು ಎರಡು ಸಲ ಕೇಳಿದ್ದೀರಿ. ಪನ್ನೀರಿಗೆ ಹೋದವಳು ದಾರಿಯಲ್ಲೇ ಇರುವಾಗ ವರ ಎದ್ದು ಮನೆಗೆ ಹೋಗುವುದು ಯಾವ ಊರಿನ ನ್ಯಾಯ?

ಖಮ್ಸರಿನ ಈ ವರ್ಷದ ಮೊದಲ ಭಟ್ಟಿಯ ಪನ್ನೀರಿನ ಸೀಸೆಯನ್ನು ಈ ಕಾಗದದೊಂದಿಗೆ ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ದಯವಿಟ್ಟು ಅದನ್ನು ಎದುರುಮನೆಗೆ ತಲುಪಿಸಿ. ಉಳಿದದ್ದು ನಿಮ್ಮ ವಿವೇಚನೆಗೆ.

ಗೌರವದೊಂದಿಗೆ,
ತೂರಾನ್


ಬೂಶೆಹರ್
೬ ತೀರ್

ತೂರಾನ್ ಜಾನ್, ನನ್ನ ಕಣ್ಣಿನ ಬೆಳಕೇ,

ನೀನೊಬ್ಬಳು ಮಾಟಗಾತಿ. ನನಗೆ ಒಂದು ಸಾಲು ಬರೆಯದೆ ಸುಮ್ಮನಿದ್ದೆಯಲ್ಲ! ನಿನಗೆ ಸಿಟ್ಟು ಬಂದಿರಬೇಕು, ನನ್ನ ಒಣ ಕಾಗದಕ್ಕೆ ನೀನು ಕೆಂಪು ಪೆನ್ಸಿಲು ಹಿಡಿದಿರಬೇಕು ಎಂದುಕೊಂಡಿದ್ದೆ.

ಮೊನ್ನೆ ಮಧ್ಯಾಹ್ನ, ನಾಯಿಗಳೂ ನೆರಳು ಬಿಟ್ಟು ಕದಲದ ಹೊತ್ತಿನಲ್ಲಿ, ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ಹೊರ್ಮೊಜ್ ಆಗಾ. ಆ ಬಿಸಿಲಲ್ಲೂ ಕೋಟಿನ ಎಲ್ಲ ಗುಂಡಿ ಹಾಕಿಕೊಂಡು, ಹಸುಗೂಸನ್ನು ಹಿಡಿಯುವ ಹಾಗೆ ಎರಡೂ ಕೈಯಲ್ಲಿ ಒಂದು ಸೀಸೆ ಹಿಡಿದು ನಿಂತಿದ್ದರು.

“ಪನ್ನೀರು ಬಂತು” ಎಂದರು.

“ಯಾರು ತಂದಿದ್ದು?” ಎಂದೆ.

“ನೀವೇ ತರೋಕೆ ಹೋಗಿದ್ರಂತಲ್ಲ. ಕಾಶಾನಿಂದ ಬರ್ದಿದ್ದಾರೆ.”

ನನಗೆ ನಗು ಬಂತು, ಅದರ ಜೊತೆ ಇನ್ನೂ ಏನೋ ಬಂತು. ಸೆರಗು ಮುಖಕ್ಕೆ ಹಿಡಿದುಕೊಂಡೆ. ಅವರು ಒಳಗೆ ಬರಲಿಲ್ಲ, ಹೊಸಿಲಿನಾಚೆಯೇ ನಿಂತು ಹೇಳಿದರು: “ಇದು ಮೂರನೇ ಸಲ. ಇವತ್ತೂ ಬೇಡ ಅಂದ್ರೆ, ಫ್ಯಾನಿಗೆ ಎಣ್ಣೆ ಹಾಕೋಕೆ ಮಾತ್ರ ಬರ್ತೀನಿ. ಸಮೋವಾರ್ ಸುದ್ದಿ ಎತ್ತಲ್ಲ.”

ಹೂಂ ಎನ್ನಬೇಕಿತ್ತು. ಬಾಯಿಗೂ ಬಂದಿತ್ತು. ಆದರೆ ಹಿರಿಯರ ಅಪ್ಪಣೆಯಿಂದ ಎಂದು ಶುರುಮಾಡಿದವಳು ಅಲ್ಲೇ ನಿಂತುಬಿಟ್ಟೆ. ಯಾವ ಹಿರಿಯರು? ಅಪ್ಪ, ಅಮ್ಮ, ದೊಡ್ಡಪ್ಪ, ಅಣ್ಣಂದಿರು, ಎಲ್ಲರೂ ಮಣ್ಣಿನಡಿ ಮಲಗಿದ್ದಾರೆ. ನನಗಿಂತ ದೊಡ್ಡವರು ಎಂದು ಭೂಮಿಯ ಮೇಲೆ ಉಳಿದಿರುವವಳು ನೀನೊಬ್ಬಳೇ, ಅದೂ ಒಂದು ಚಳಿಗಾಲದಷ್ಟು ದೊಡ್ಡವಳು. ಹಾಗೆಂದು ಅವರಿಗೆ ಹೇಳಿದೆ. “ತೂರಾನ್ ಅಪ್ಪಣೆ ಕೊಡ್ಲಿ, ಆಮೇಲೆ ನನ್ನದು” ಎಂದೆ.

ಅವರು ಗಂಭೀರವಾಗಿ ತಲೆಯಾಡಿಸಿದರು. “ನ್ಯಾಯವಾದ ಮಾತು” ಎಂದರು. ಆಮೇಲೆ, “ಆ ಖಾನುಮ್ ಎಷ್ಟು ಸಲ ಕೇಳಿಸ್ಕೊಂಡು ಹೂಂ ಅಂತಾರೆ?” ಎಂದು ಕೇಳಿದರು. ಅಷ್ಟೊಂದು ವರ್ಷ ಸಮುದ್ರದ ಮೇಲೆ ಹಡಗುಗಳ ಉತ್ತರಕ್ಕೆ ಕಾದು ಕೂತವರು, ಈಗ ಬೆಳಿಗ್ಗೆ ಎದ್ದರೆ ಬೀದಿಯ ತುದಿಯಲ್ಲಿ ಅಂಚೆಯವನಿಗೆ ಕಾಯುತ್ತ ನಿಂತಿರುತ್ತಾರೆ.

ತೂರಾನ್, ನನ್ನ ಹಿರಿಯಳೇ, ನಿನ್ನ ಪದ್ಧತಿ ನನಗೆ ಗೊತ್ತು. ಈ ಒಂದು ಸಲ ಮಾತ್ರ ಹೂ ಕೊಯ್ಯಲು ಹೋಗಬೇಡ.

ನಿನ್ನ ಫರಂಗೀಸ್

ಸೀಸೆಯನ್ನು ಇನ್ನೂ ತೆರೆದಿಲ್ಲ. ಆದರೂ ಮನೆಯೆಲ್ಲ ಖಮ್ಸರಿನ ವಾಸನೆ.


ಕಾಶಾನ್
೧೪ ತೀರ್

ಪ್ರಿಯ ಫರಂಗೀಸ್,

ನಿನ್ನೆ ಕೂಟ ಮತ್ತೆ ನಮ್ಮ ಮನೆಯಲ್ಲಿ ನಡೆಯಿತು. ತೋಟದ ಚಿತ್ರಗಳನ್ನು ಮೊದಲಿನಿಂದ ಕೊನೆಯವರೆಗೆ ತೋರಿಸಿದೆ. ಅಶ್ರಫ್ ಕುರ್ಚಿಯ ಅಂಚಿನಲ್ಲಿ ಕೂತು ಕಾದಳು, ಯಾರೂ ಕುಣಿಯುತ್ತ ಬರಲಿಲ್ಲ. ಕೊನೆಗೆ, “ಆ ಹುಡುಗಿ ಎಲ್ಲಿ ಹೋದಳು ತೂರಾನ್ ಖಾನುಮ್? ನಮ್ಮನೆಯವರೂ ವಿಚಾರಿಸ್ತಿದ್ರು” ಎಂದಳು. ಮದುವೆಯಾಗಿ ಬೂಶೆಹರಿಗೆ ಹೋದಳು ಎಂದೆ. ನಾನು ತಮಾಷೆ ಮಾಡಿದ್ದನ್ನು ನಂಬಲು ಅವರಿಗೆಲ್ಲ ಸ್ವಲ್ಪ ಹೊತ್ತು ಬೇಕಾಯಿತು.

ಮನೆಗೆ ಹೋಗುವ ಮುನ್ನ ಎಲ್ಲರೂ ನನ್ನ ನಿಘಂಟನ್ನು ನೋಡಿದರು. ಆಗಲೇ ಒಂದು ಕಿಟಕಿ ತೆರೆದು, ಹೊಸದೇನನ್ನೋ ಸೇರಿಸಲೇ ಎಂದು ಕೇಳಿತು. ಒಂದೇ ಸಲ ಬೇಡವೆಂದೆ. ಮೂಲೆಯ ಮಂಕು ಗುಂಡಿ ಈಗ ನನಗೆ ಚೆನ್ನಾಗಿ ಕಾಣುತ್ತದೆ.

ನಿನ್ನ ಕಾಗದ ಈಗಷ್ಟೇ ಬಂತು. ಹಿರಿಯಳ ಸ್ಥಾನದಲ್ಲಿ ಕೂತವಳಿಗೆ ಕೆಲವು ಕರ್ತವ್ಯಗಳಿವೆ, ಅವನ್ನು ಮೊದಲು ಮುಗಿಸುತ್ತೇನೆ. ಅವರು ಕೋಟನ್ನು ತಾವೇ ಇಸ್ತ್ರಿ ಮಾಡುವುದನ್ನು ನೀನು ತಪ್ಪಿಸಬಾರದು. ನಿನ್ನ ಸಮೋವಾರನ್ನು ಇಟ್ಟುಕೊಳ್ಳಿ, ಅವರದನ್ನು ಯಾರಿಗಾದರೂ ಕೊಡಿ; ನಿನ್ನದು ಒಳ್ಳೆಯ ಹಿತ್ತಾಳೆ. ಮೆಹರ್ ತಿಂಗಳಲ್ಲಿ ಒಬ್ಬಳೇ ಬರಬೇಡ. ಇನ್ನೊಂದು ರಜಾಯಿ ಪೆಟ್ಟಿಗೆಯ ತಳದಲ್ಲಿತ್ತು, ನಿನ್ನ ಕಾಗದ ಓದಿ ಅದನ್ನೂ ಬಿಸಿಲಿಗೆ ಹಾಕಿದೆ. ಇಲ್ಲ, ಈ ವಾಕ್ಯವನ್ನು ತಿದ್ದುತ್ತೇನೆ: ನಿನ್ನ ಕಾಗದ ಬರುವ ಮುಂಚೆಯೇ ಹಾಕಿದ್ದೆ.

ಇನ್ನು ಅಪ್ಪಣೆ. ಈ ಕಾಗದ ನಿಮ್ಮನ್ನು ತಲುಪಲು ವಾರಕ್ಕೂ ಹೆಚ್ಚು ಹಿಡಿಯುತ್ತದೆ. ಅಷ್ಟು ದಿನ ಹೊರ್ಮೊಜ್ ಆಗಾ ಆ ಬಿಸಿಲಿನಲ್ಲಿ ಬೀದಿಯ ತುದಿಯಲ್ಲಿ ನಿಲ್ಲುವುದು ಸರಿಯಲ್ಲ. ಆದ್ದರಿಂದ, ನಾನು ಎಂದೂ ಮಾಡದ ಕೆಲಸವೊಂದನ್ನು ಇಂದು ಮಾಡಲಿದ್ದೇನೆ. ಇದನ್ನು ಮಡಿಸಿ ಲಕೋಟೆಯಲ್ಲಿಟ್ಟ ಕೂಡಲೇ ನಿನಗೆ ಟೆಲಿಫೋನ್ ಮಾಡುತ್ತೇನೆ. ನೀನು ಎತ್ತಿದರೂ ಸರಿ, ಅವರು ಎತ್ತಿದರೂ ಸರಿ. ಕ್ಷೇಮಸಮಾಚಾರ ಕೇಳುವುದಿಲ್ಲ, ವಾಕ್ಯವನ್ನೂ ಕಟ್ಟುವುದಿಲ್ಲ. ಮೊದಲನೆಯ ಸಲಕ್ಕೇ ‘ಹೂಂ’ ಎಂದು ಹೇಳಿ ಇಟ್ಟುಬಿಡುತ್ತೇನೆ.

ನಿನ್ನ,
ತೂರಾನ್